ಕ್ಯಾಲ್ಕುಲೇಟರ್ ಪ್ರೋಗ್ರಾಂನ ಮಕ್ಕಳ ಕೈಲಿ ಕಾಪಿ ಮಾಡಿಸ್ಬೇಡಿ, ಬರೆಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ತಿಪಟೂರಲ್ಲಿ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರಿಯೋನು, 22 ವರ್ಷದಿಂದ ಇದೇ ಕೆಲಸ. ಕಂಪ್ಯೂಟರ್ ಓದ್ದೋನಲ್ಲ, ಪಿಯುಸಿ ಕಾಮರ್ಸ್‌ಗೇ ಓದು ನಿಲ್ತು. ಆದ್ರೂ ಈ ಕಾಗದ ಕಂಪ್ಯೂಟರ್ ಪಾಠದ ಬಗ್ಗೆನೇ ಬರೀತಿದೀನಿ. ಹೋದ 3 ತಿಂಗಳಿಂದ ಮಗಳ ಜೊತೆ ಕೂತು ನಾನೂ ಒಂದು ಪ್ರೋಗ್ರಾಂ ಬರೆಯೋದು ಕಲ್ತೆ, ಕೂಡೋದು ಕಳೆಯೋದು ಗುಣಿಸೋದು ಭಾಗಿಸೋದು ಇಷ್ಟೇ ಮಾಡೋ ಕ್ಯಾಲ್ಕುಲೇಟರ್ ಪ್ರೋಗ್ರಾಂ, ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೇಲಿ. ಅದನ್ನ ಬರೀತಾ ಬರೀತಾ ನನಗೆ ಹೊಳೆದ ವಿಷಯಗಳು ಕಾಲೇಜಲ್ಲಿ ಕೂತು ಕಲಿಯೋ ಮಕ್ಕಳಿಗೆ ಯಾಕೆ ಸಿಕ್ತಿಲ್ಲ ಅನ್ನೋ ಸಂಕಟ ತಡ್ಕೊಳಕ್ಕಾಗ್ದೆ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸ್ದೆ ಹಾಕಿ.

ಶುರುವಾಗಿದ್ದು ಮಗಳ ರೆಕಾರ್ಡ್ ಬುಕ್ಕಿಂದ. ಒಂದು ರಾತ್ರಿ ಊಟ ಆದ್ಮೇಲೆ ಅವಳು ಪ್ರೋಗ್ರಾಂನ ನೀಟಾಗಿ ಸ್ಕೇಲ್ ಇಟ್ಟು ಗೆರೆ ಎಳ್ದು ಪೆನ್ನಲ್ಲಿ ಬರೀತಿದ್ಳು, ಕಂಪ್ಯೂಟರ್ ಪ್ರೋಗ್ರಾಂನ ಪೆನ್ನಲ್ಲಿ ಯಾಕಮ್ಮ ಬರೀತೀಯ ಅಂದೆ, ಬೋರ್ಡ್ ಮೇಲೆ ಬರೆದಿದ್ದನ್ನ ಫೋಟೋ ತಗೊಂಡಿದೀವಪ್ಪ, ರೆಕಾರ್ಡ್‌ಗೆ ಇಳಿಸ್ಬೇಕು, ನಾಳೆ ಸೈನ್ ಹಾಕ್ತಾರೆ ಅಂದ್ಳು. ಅದು ಕ್ಯಾಲ್ಕುಲೇಟರ್ ಪ್ರೋಗ್ರಾಂ. ಲೆಕ್ಕ ನನ್ನ ಕಸುಬು ಅಲ್ವಾ, ಕುತೂಹಲಕ್ಕೆ ನೋಡ್ದೆ. ಅದ್ರಲ್ಲಿ ಒಂದು ಕಡೆ ಫ್ಲೋಟ್ ಅಂತ ಇತ್ತು, ಇದೇನು ಅಂದೆ. ಗೊತ್ತಿಲ್ಲಪ್ಪ, ಅದನ್ನ ಹಾಕ್ಬೇಕು ಅಷ್ಟೇ ಅಂದ್ಳು. ಹಾಕ್ದಿದ್ರೆ ಏನಾಗುತ್ತೆ ಅಂದೆ. ಗೊತ್ತಿಲ್ಲ, ಮಾರ್ಕ್ಸ್ ಕಟ್ ಮಾಡ್ತಾರೆ ಅಂದ್ಳು. ಮಗಳನ್ನ ದೂರ್ತಿಲ್ಲ ನಾನು, ಅವಳು ಚೆನ್ನಾಗಿ ಓದೋ ಹುಡುಗಿ, ಕಾಲೇಜಿನ ಹೆಸರೂ ಬೇಡ, ಎಷ್ಟೋ ಕಡೆ ಇದೇ ಕಥೆ ಅಂತ ಅವಳ ಫ್ರೆಂಡ್ಸ್ ಹೇಳ್ತಾರೆ. ಲ್ಯಾಬಲ್ಲಿ ಒಂದು ಕಂಪ್ಯೂಟರ್‌ಗೆ ನಾಲ್ಕು ಜನ, ಒಬ್ರು ಟೈಪ್ ಮಾಡಿದ್ರೆ ಮೂರು ಜನ ನಿಂತು ನೋಡೋದು. ಮೇಷ್ಟ್ರ ಮೇಲೂ ಸಿಲಬಸ್ ಮುಗಿಸೋ ಒತ್ತಡ. ಆದ್ರೆ ಹಾಕ್ದಿದ್ರೆ ಏನಾಗುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಸಿಗ್ಬೇಕು ಅಂದ್ರೆ ತೆಗ್ದು ನೋಡಿದ್ರೆ ಸಾಕಲ್ವಾ, ಅರ್ಧ ನಿಮಿಷದ ಕೆಲಸ, ಅದಕ್ಕೂ ಜಾಗ ಇಲ್ಲ ಅಂದ್ರೆ ಇನ್ನೆಂಥ ಕಲಿಕೆ ಅದು.

ಆ ರಾತ್ರಿನೇ ಕೂತ್ವಿ. ಮನೇಲಿ ಕಂಪ್ಯೂಟರ್ ಇಲ್ಲ, ಅವಳ ಫೋನಿಗೆ ಪೈಡ್ರಾಯ್ಡ್ ಅಂತ ಒಂದು ಆ್ಯಪ್ ಹಾಕೊಂಡ್ವಿ, ಫೋನಲ್ಲೇ ಪೈಥಾನ್ ಓಡುತ್ತೆ. ಮೊದಲ ಸಂಖ್ಯೆ ಕೇಳು, ಎರಡನೇ ಸಂಖ್ಯೆ ಕೇಳು, ಕೂಡಿ ತೋರ್ಸು, ಮೂರೇ ಸಾಲು. ಫ್ಲೋಟ್ ಅನ್ನೋದನ್ನ ಬೇಕಂತಲೇ ಬಿಟ್ವಿ. 5 ಕೊಟ್ವಿ, ಇನ್ನೊಂದು 5 ಕೊಟ್ವಿ. 55 ಅಂತ ಬಂತು.

ಮಗಳು ಫೋನ್ ಕೆಟ್ಟಿದೆ ಅಂದ್ಕೊಂಡ್ಳು. ನಾನು ಸ್ವಲ್ಪ ಹೊತ್ತು ಸುಮ್ನೆ ನೋಡ್ತಾ ಕೂತೆ, ಆಮೇಲೆ ಅರ್ಥ ಆಯ್ತು, ಅದು ಕೂಡಿಲ್ಲ, ಪಕ್ಕ ಪಕ್ಕ ಇಟ್ಟಿದೆ. ಕೀಬೋರ್ಡಿಂದ ಏನೇ ಬಂದ್ರೂ ಪೈಥಾನ್‌ಗೆ ಅದು ಬರೀ ಅಕ್ಷರ, ಅದನ್ನ ಸ್ಟ್ರಿಂಗ್ ಅಂತಾರೆ. ಸ್ಟ್ರಿಂಗ್ ಅಂದ್ರೆ ದಾರ. ಹೂವು ಕಟ್ಟೋವಾಗ ಎರಡು ತುಂಡು ಮಾಲೆ ಗಂಟು ಹಾಕಿದ್ರೆ ಒಂದು ಉದ್ದ ಮಾಲೆ ಆಗುತ್ತಲ್ಲ, ಅದು ಮಾಡಿದ್ದು ಅಷ್ಟೇ. ನಮ್ಮ ಕಣ್ಣಿಗೆ 5 ಅಂದ್ರೆ ಐದು ಕಾಯಿ, ಅದರ ಕಣ್ಣಿಗೆ 5 ಅಂದ್ರೆ ಒಂದು ಚಿತ್ರ, ಅ ಆ ಇ ಥರ. ಇದು ಅಕ್ಷರ ಅಲ್ಲಪ್ಪ ಸಂಖ್ಯೆ ಅಂತ ನಾವು ಹೇಳ್ಬೇಕು, ಆ ಹೇಳೋ ಮಾತೇ ಇಂಟ್, ಫ್ಲೋಟ್. ಇಂಟ್ ಅಂದ್ರೆ ಪೂರ್ಣ ಸಂಖ್ಯೆ ಮಾಡ್ಕೋ, ಫ್ಲೋಟ್ ಅಂದ್ರೆ ದಶಮಾಂಶ ಇರೋ ಸಂಖ್ಯೆ ಮಾಡ್ಕೋ. ಆ 55 ನೋಡಿದ್ಮೇಲೆ ಮಗಳು ಫ್ಲೋಟ್ ಮರೆಯಲ್ಲ, ಇನ್ನು ಯಾವತ್ತೂ ಮರೆಯಲ್ಲ. ರೆಕಾರ್ಡಲ್ಲಿ ಹತ್ತು ಸಲ ಬರೆದಿದ್ರೂ ತಲೆಗೆ ಹತ್ತದೇ ಇದ್ದಿದ್ದು ಒಂದು ತಪ್ಪು ಉತ್ತರದಿಂದ ಹತ್ತಿತು.

ಅದಾದ್ಮೇಲೆ ನಾನು ಮಂಡಿ ಲೆಕ್ಕನೇ ಕೊಡೋಣ ಅಂದೆ. ರೈತರದ್ದು ಒಂದು ಲಾಟ್, ತೂಕ 3 ಕ್ವಿಂಟಲ್ 47 ಕೆಜಿ, ಕ್ವಿಂಟಲ್‌ಗೆ 14,250 ರೂಪಾಯಿ ಅಂತ ಇಟ್ಕೊಳಿ. 3.47 ಅಂತ ಕೊಟ್ರೆ ತಗೊಳ್ಳೇ ಇಲ್ಲ, ಕೆಂಪು ಅಕ್ಷರದಲ್ಲಿ ನಾಲ್ಕೈದು ಸಾಲು ಇಂಗ್ಲಿಷ್ ಬಂತು, ಯಾಕಂದ್ರೆ ಆವಾಗ ಇಂಟ್ ಅಂತ ಹಾಕಿದ್ವಿ, ಪೂರ್ಣ ಸಂಖ್ಯೆ ಬಿಟ್ಟು ಬೇರೆ ಅದು ಮುಟ್ಟಲ್ಲ. ಫ್ಲೋಟ್ ಮಾಡಿದ್ವಿ. ತೂಕ ತಗೊಂತು, ರೇಟ್‌ಗೆ ಮತ್ತೆ ಕೆಂಪು. ಈ ಸಲ ಮಗಳು ಹೆದ್ರಿ ಅಳಿಸಕ್ಕೆ ಹೋದ್ಳು, ತಡಿ ತಡಿ ಓದು ಅಂದೆ. ಕೊನೇ ಸಾಲಲ್ಲಿ ವ್ಯಾಲ್ಯೂ ಎರರ್, ಕುಡ್ ನಾಟ್ ಕನ್ವರ್ಟ್ ಸ್ಟ್ರಿಂಗ್ ಟು ಫ್ಲೋಟ್ ಅಂತ ಬರ್ದು ಪಕ್ಕದಲ್ಲೇ ನಾನು ಕೊಟ್ಟಿದ್ದ 14,250 ಅಂತ ಇತ್ತು. ಅಂದ್ರೆ ಈ ಅಕ್ಷರಗಳನ್ನ ಸಂಖ್ಯೆ ಮಾಡಕ್ಕೆ ನನ್ನ ಕೈಲಾಗ್ಲಿಲ್ಲ, ಯಾವ ಅಕ್ಷರ ಅಂದ್ರೆ ಇದು, ಅಂತ ತೋರ್ಸಿದೆ ಪಾಪ. 22 ವರ್ಷದಿಂದ ಲೆಡ್ಜರಲ್ಲಿ ಸಾವಿರಕ್ಕೊಂದು ಕಾಮಾ ಹಾಕಿ ಬರ್ದ ಕೈ, ಇಲ್ಲೂ ಕಾಮಾ ಹಾಕ್ಬಿಟ್ಟಿತ್ತು. ಕಾಮಾ ತೆಗೆದ್ರೆ ಸರಿಹೋಯ್ತು. ಆಮೇಲೆ ಮಗಳೇ ಹುಡುಕಿ, ಯಾರಾದ್ರೂ ಕಾಮಾ ಹಾಕಿದ್ರೆ ಪ್ರೋಗ್ರಾಮೇ ಅದನ್ನ ತೆಗೆದು ಹಾಕೋ ಥರ ಒಂದು ಸಾಲು ಸೇರಿಸಿದ್ಳು.

ಇಲ್ಲೇ ನನಗೆ ಬಹಳ ಹೇಳ್ಬೇಕಾಗಿರೋದು. ಆ ಕೆಂಪು ಸಾಲುಗಳು ಬೈಗುಳ ಅಲ್ಲ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ಅದನ್ನ ನೋಡಿದ ತಕ್ಷಣ ನಂಗೆ ಇದೆಲ್ಲ ಬರಲ್ಲ ಅಂತ ತೀರ್ಮಾನ ಮಾಡ್ಬಿಡ್ತಾರೆ, ಯಾಕಂದ್ರೆ ಅದು ಇಂಗ್ಲಿಷಲ್ಲಿದೆ, ಕೆಂಪಗಿದೆ, ಪರೀಕ್ಷೆ ಪೇಪರಲ್ಲಿ ಕೆಂಪು ಅಂದ್ರೆ ತಪ್ಪು ಅಂತ ಚಿಕ್ಕಂದಿನಿಂದ ಅಭ್ಯಾಸ ಆಗಿದೆ. ಮೇಷ್ಟ್ರು ಒಂದೇ ಒಂದು ಪೀರಿಯಡ್ ತಗೊಂಡು, ಕೊನೇ ಸಾಲನ್ನ ಮೊದ್ಲು ಓದಿ, ಅಲ್ಲಿ ಏನು ತಪ್ಪು ಅಂತ ಇರುತ್ತೆ, ಅದರ ಮೇಲೆ ಎಷ್ಟನೇ ಸಾಲಲ್ಲಿ ತಪ್ಪು ಅಂತ ಇರುತ್ತೆ, ಅಂತ ಕನ್ನಡದಲ್ಲಿ ಹೇಳಿದ್ರೆ ಸಾಕು. ಶುರುವಲ್ಲಿ ಬರೋ ಎರರ್‌ಗಳೇನು ನೂರಾರಲ್ಲ, ನಮಗೆ ಬಂದಿದ್ದು ಹೆಚ್ಚು ಅಂದ್ರೆ ಆರು ಬಗೆ. ನೇಮ್ ಎರರ್ ಅಂದ್ರೆ ಈ ಹೆಸರು ನಾನು ಕೇಳೇ ಇಲ್ಲ ಅಂತ, ಸ್ಪೆಲಿಂಗ್ ತಪ್ಪಿರುತ್ತೆ ಅಥವಾ ಕ್ಯಾಪಿಟಲ್ ಅಕ್ಷರ ಬಿದ್ದಿರುತ್ತೆ. ಇಂಡೆಂಟೇಶನ್ ಎರರ್ ಅಂದ್ರೆ ಸಾಲಿನ ಮುಂದೆ ಜಾಗ ಬಿಟ್ಟಿದ್ದು ಸರಿಯಿಲ್ಲ ಅಂತ, ಇಫ್, ಅಂದ್ರೆ ಹಿಂಗಿದ್ರೆ ಹಿಂಗ್ ಮಾಡು ಅನ್ನೋ ಸಾಲು ಆದ್ಮೇಲೆ ಒಳಗಿನ ಸಾಲು ಒಳಕ್ಕೆ ಹೋಗ್ಬೇಕು, ಸಾಮಾನ್ಯವಾಗಿ ನಾಲ್ಕು ಸ್ಪೇಸ್. ಸಿಂಟ್ಯಾಕ್ಸ್ ಎರರ್ ಅಂದ್ರೆ ವಾಕ್ಯಾನೇ ಸರಿಯಿಲ್ಲ, ಬ್ರಾಕೆಟ್ ಮುಚ್ಚಿಲ್ಲ, ಅಥವಾ ಇಫ್‌ನಲ್ಲಿ ಎರಡು ಸಮ ಚಿಹ್ನೆ ಹಾಕೋ ಕಡೆ ಒಂದೇ ಹಾಕಿದೀರ. ಈ ಆರಕ್ಕೆ ಕನ್ನಡದಲ್ಲಿ ಒಂದು ಚಾರ್ಟ್ ಮಾಡಿ ಲ್ಯಾಬ್ ಗೋಡೆಗೆ ಅಂಟಿಸ್ಲಿ, ಅದಕ್ಕೇನು ದುಡ್ಡು ಬೇಕಾಗಿಲ್ಲ.

ಈಗ ಎರರ್ ಬರ್ದೇ ಇರೋ ತಪ್ಪಿನ ಬಗ್ಗೆ ಹೇಳ್ತೀನಿ, ಅದು ಇನ್ನೂ ದೊಡ್ಡದು. ಮಾರನೇ ದಿನ 3 ಕ್ವಿಂಟಲ್ 7 ಕೆಜಿಯ ಒಂದು ತೂಕದ ಚೀಟಿ ಮಗಳ ಕೈಗೆ ಕೊಟ್ಟೆ, ಹಾಕಮ್ಮ ಅಂತ. ಅವಳು 3.7 ಅಂತ ಹಾಕಿದ್ಳು. ಪ್ರೋಗ್ರಾಂ ಒಂಚೂರೂ ಗೊಣಗ್ದೆ ಉತ್ತರ ಕೊಡ್ತು, 52,725. ಮಂಡಿಯಲ್ಲಿ ಇರೋರಿಗೆ ಗೊತ್ತು, 3.7 ಅಂದ್ರೆ 3 ಕ್ವಿಂಟಲ್ 70 ಕೆಜಿ, 7 ಕೆಜಿ ಅಂದ್ರೆ 3.07 ಅಂತ ಹಾಕ್ಬೇಕು. ಸರಿ ಉತ್ತರ 43,747 ರೂಪಾಯಿ 50 ಪೈಸೆ. ಒಂದು ಸೊನ್ನೆ ಬಿಟ್ಟಿದ್ದಕ್ಕೆ ವ್ಯತ್ಯಾಸ 8,977 ರೂಪಾಯಿ 50 ಪೈಸೆ. ತೋಟಕ್ಕೆ ನೀರು ಕಟ್ಟಿ, ಕಾಯಿ ಕೆಡವಿ, ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಪಾಡಿ, ಸುಲ್ದು ಒಡ್ದು ತಂದಿರ್ತಾರೆ ರೈತರು, ಆ ದುಡ್ಡು ಆ ಕಡೆ ಈ ಕಡೆ ಆಗೋದು ಅಂದ್ರೆ ಸಾಮಾನ್ಯನಾ? ನಾನು ಕೆಲಸಕ್ಕೆ ಸೇರಿದ ವರ್ಷ ಇಂಥದ್ದೇ ತಪ್ಪು ಮಾಡಿ ರೈತರಿಗೆ ಕಡಿಮೆ ಬರ್ದಿದ್ದೆ, ಅವರು ಸಂಜೆ ಬಸ್ ಬಿಟ್ಟು ವಾಪಸ್ ಬಂದು, ಗುಮಾಸ್ತ್ರೇ ಇದೊಂದ್ಸಲ ನೋಡಿ ಅಂತ ಚೀಟಿ ಮುಂದೆ ಹಿಡಿದಿದ್ದು ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇದನ್ನ ಮಗಳಿಗೆ ಹೇಳ್ದೆ. ಅವಳು ಒಂದು ದಿನ ಯೋಚ್ನೆ ಮಾಡಿ ಪ್ರೋಗ್ರಾಂನೇ ಬದಲಾಯಿಸಿದ್ಳು, ಕ್ವಿಂಟಲ್ ಎಷ್ಟು ಅಂತ ಬೇರೆ ಕೇಳುತ್ತೆ, ಕೆಜಿ ಎಷ್ಟು ಅಂತ ಬೇರೆ ಕೇಳುತ್ತೆ, ಕ್ವಿಂಟಲನ್ನ 100ರಿಂದ ಗುಣಿಸಿ ಕೆಜಿ ಕೂಡಿ ಆಮೇಲೆ ಕೆಜಿ ಲೆಕ್ಕದ ರೇಟ್ ಹಾಕುತ್ತೆ, ಕೆಜಿ 99ಕ್ಕಿಂತ ಜಾಸ್ತಿ ಕೊಟ್ರೆ ಇನ್ನೊಂದ್ಸಲ ನೋಡಿ ಅನ್ನುತ್ತೆ. ಆ ಯೋಚ್ನೆ ಯಾವ ಬೋರ್ಡ್ ಮೇಲೂ ಇರಲಿಲ್ಲ, ತಪ್ಪು ಎಲ್ಲಿಂದ ಹುಟ್ಟುತ್ತೆ ಅಂತ ನೋಡಿ ಆ ಜಾಗನೇ ಮುಚ್ಚೋದು, ಪ್ರೋಗ್ರಾಂ ಬರಿಯೋದು ಅಂದ್ರೆ ಇದೇ ಇರ್ಬೇಕು ಅಂತ ನನಗೆ ಆವತ್ತು ಅನಿಸ್ತು.

ಭಾಗಾಕಾರಕ್ಕೆ ಬರ್ತೀನಿ. ನಮ್ಮ ಕಡೆ ಮೂರು ಜನ ರೈತರು ಸೇರಿ ಒಂದು ಟೆಂಪೋ ಮಾಡ್ಕೊಂಡು ಕೊಬ್ಬರಿ ತರ್ತಾರೆ, 1000 ರೂಪಾಯಿ ಬಾಡಿಗೆ ಅಂದ್ರೆ ಮೂರಕ್ಕೆ ಭಾಗಿಸಿದ್ರೆ 333.333 ಅಂತ ಉದ್ದಕ್ಕೆ ಹೋಗುತ್ತೆ, ಅದನ್ನ ಯಾರೂ ಕೊಡಕ್ಕಾಗಲ್ಲ. ಶಾಲೇಲಿ ಭಾಗಲಬ್ಧ, ಶೇಷ ಅಂತ ಕಲ್ತಿದ್ವಲ್ಲ, ಪೈಥಾನ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಚಿಹ್ನೆ ಇದೆ, ಎರಡು ಓರೆ ಗೆರೆ ಹಾಕಿದ್ರೆ ಭಾಗಲಬ್ಧ 333, ಪರ್ಸೆಂಟ್ ಚಿಹ್ನೆ ಹಾಕಿದ್ರೆ ಶೇಷ 1. ಮಂಡಿ ಕ್ಯಾಲ್ಕುಲೇಟರಲ್ಲಿ ಪರ್ಸೆಂಟ್ ಬಟನ್ ಶೇಕಡಾ ಲೆಕ್ಕಕ್ಕೆ, ಇಲ್ಲಿ ಶೇಷಕ್ಕೆ, ಇದನ್ನ ಮೊದಲೇ ಮಕ್ಕಳಿಗೆ ಹೇಳ್ಬೇಕು. ಆಮೇಲೆ ಎಷ್ಟು ಜನ ಅನ್ನೋ ಕಡೆ 0 ಕೊಟ್ಟು ನೋಡಿದ್ವಿ. ಝೀರೋ ಡಿವಿಷನ್ ಎರರ್ ಅಂತ ಪ್ರೋಗ್ರಾಂ ನಿಂತೇ ಹೋಯ್ತು. ಮಗಳು ಕೇಳಿದ್ಳು, ಯಾರಿಗೂ ಹಂಚ್ಲಿಲ್ಲ ಅಂದ್ರೆ 1000 ಹಂಗೇ ಉಳ್ಕೊಳುತ್ತಲ್ಲಪ್ಪ, ಉತ್ತರ 1000 ಅಂತ ಯಾಕೆ ಬರ್ಬಾರ್ದು ಅಂತ.

ಈ ಪ್ರಶ್ನೆ ಕೇಳಿ ನನಗೆ ನಿಜವಾಗ್ಲೂ ಖುಷಿ ಆಯ್ತು, ಯಾಕಂದ್ರೆ ಇದನ್ನೇ ನಮ್ಮ ನಾಡಿನ ದೊಡ್ಡ ಗಣಿತಜ್ಞರೂ ಹೇಳಿದ್ರು. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಸೊನ್ನೆಯಿಂದ ಭಾಗಿಸಿದ್ರೆ ಸಂಖ್ಯೆ ಬದಲಾಗಲ್ಲ ಅಂತ ಬರ್ದಿದಾರೆ. ಅವರಿಗಿಂತ ಮುಂಚೆ 628ರಲ್ಲಿ ಬ್ರಹ್ಮಗುಪ್ತರು ಸೊನ್ನೆನ ಸೊನ್ನೆಯಿಂದ ಭಾಗಿಸಿದ್ರೆ ಸೊನ್ನೆ ಅಂದಿದ್ರು. ಅಂಥವರೇ ತಲೆ ಕೆಡಿಸ್ಕೊಂಡ ಜಾಗ ಇದು. ನಾನು ಮಗಳಿಗೆ ಹೇಳಿದ್ದು ಇಷ್ಟು, ಭಾಗಾಕಾರ ಸರಿಯಾ ಅಂತ ನೋಡಕ್ಕೆ ತಿರುಗಿಸಿ ಗುಣಿಸ್ತೀವಲ್ವಾ, 12ನ 3ರಿಂದ ಭಾಗಿಸಿದ್ರೆ 4, 4 ಮೂರ್ಲ 12, ತಾಳೆ ಆಯ್ತು. 1000ನ ಸೊನ್ನೆಯಿಂದ ಭಾಗಿಸಿ 1000 ಅಂದ್ರೆ, ತಿರುಗಿಸಿ ಗುಣಿಸು, 1000 ಸೊನ್ನೆ ಎಷ್ಟು? ಸೊನ್ನೆ. ತಾಳೆ ಆಗಲ್ಲ. ಯಾವ ಸಂಖ್ಯೆ ಇಟ್ರೂ ತಾಳೆ ಆಗಲ್ಲ. ಅದಕ್ಕೆ ಪ್ರೋಗ್ರಾಂ ಉತ್ತರ ಇಲ್ಲ ಅಂತ ನಿಲ್ಲುತ್ತೆ, ಮಂಡಿ ಕ್ಯಾಲ್ಕುಲೇಟರ್ ಮೂಲೇಲಿ ಇ ಅಂತ ತೋರ್ಸುತ್ತೆ. ಒಂದು ಇಫ್ ಹಾಕಿ, ಭಾಜಕ ಸೊನ್ನೆ ಆಗಿದ್ರೆ ಭಾಗಿಸಕ್ಕಾಗಲ್ಲ ಅಂತ ಕನ್ನಡದಲ್ಲಿ ಹೇಳೋ ಹಾಗೆ ಮಾಡಿದ್ವಿ. ಟ್ರೈ, ಎಕ್ಸೆಪ್ಟ್ ಅಂತ ಹಾಕಿ ಎಲ್ಲಾ ಎರರ್ ಮುಚ್ಚಿಬಿಡೋ ಉಪಾಯನೂ ಇದೆ, ಆದ್ರೆ ಅದನ್ನ ಮೊದಲ ವಾರನೇ ಕಲಿಸ್ಬಾರ್ದು ಅನ್ನೋದು ನನ್ನ ಅಭಿಪ್ರಾಯ, ಗಾಯ ಏನು ಅಂತ ನೋಡೋ ಮುಂಚೆನೇ ಬಟ್ಟೆ ಸುತ್ತಿದ ಹಾಗಾಗುತ್ತೆ.

ಮಂಡಿ ಕ್ಯಾಲ್ಕುಲೇಟರ್ ಅಂದೆನಲ್ಲ, ಅದನ್ನ ಪಕ್ಕದಲ್ಲಿಟ್ಟು ಮಕ್ಕಳಿಗೆ ತೋರ್ಸಿ. 250 ರೂಪಾಯಿ ಬಾಡಿಗೆ, ಜೊತೆಗೆ 120 ರೂಪಾಯಿನ 3 ಸಾಮಾನು, ಒಟ್ಟು 610 ಅಂತ ಯಾರು ಬೇಕಾದ್ರೂ ಬಾಯಲ್ಲೇ ಹೇಳ್ತಾರೆ. ಮಂಡಿ ಕ್ಯಾಲ್ಕುಲೇಟರಲ್ಲಿ 250 ಪ್ಲಸ್ 3 ಇಂಟು 120 ಅಂತ ಒತ್ತಿ ನೋಡಿ, 30,360 ಬರುತ್ತೆ, ಯಾಕಂದ್ರೆ ಅದು ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡ್ಕೊಂಡು ಹೋಗುತ್ತೆ, ಮೊದ್ಲು 253 ಮಾಡ್ಕೊಂಡು ಅದನ್ನ ಗುಣಿಸುತ್ತೆ. ಪೈಥಾನ್‌ನಲ್ಲಿ ಅದನ್ನೇ ಬರೆದ್ರೆ 610, ಅದು ಗುಣಾಕಾರ ಮೊದಲು ಅನ್ನೋ ನಿಯಮ ಪಾಲಿಸುತ್ತೆ. ಎರಡೂ ಯಂತ್ರನೇ, ಎರಡೂ ತಪ್ಪು ಮಾಡ್ತಿಲ್ಲ, ಒಂದೊಂದಕ್ಕೆ ಒಂದೊಂದು ನಿಯಮ ಹೇಳಿಕೊಟ್ಟಿದಾರೆ. ಕ್ಯಾಲ್ಕುಲೇಟರ್ ಹೇಳಿದ್ದೇ ಸರಿ ಅಂತ ನಂಬ್ಕೊಂಡು ಬೆಳೆದ ಮಕ್ಕಳಿಗೆ ಇದು ಬಹಳ ದೊಡ್ಡ ವಿಷಯ. ಹಂಗೇ ಎಂ ಪ್ಲಸ್ ಬಟನ್, ಬಂದ ಉತ್ತರನ ಹಿಂದಿನ ಒಟ್ಟಿಗೆ ಸೇರಿಸಿಡೋದು, ನಾನು ದಿನಾ ನೂರು ಸಲ ಒತ್ತೋದು, ಅದರ ಒಳಗೆ ಏನಾಗುತ್ತೆ ಅಂತ ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ. ಪ್ರೋಗ್ರಾಂನಲ್ಲಿ ಅದು ಒಂದೇ ಸಾಲು, ಒಟ್ಟು ಸಮ ಒಟ್ಟು ಪ್ಲಸ್ ಉತ್ತರ. ಗಣಿತದ ಕಣ್ಣಲ್ಲಿ ನೋಡಿದ್ರೆ ಇದು ಸುಳ್ಳು, ಒಟ್ಟು ಅನ್ನೋದು ಒಟ್ಟಿಗಿಂತ ಜಾಸ್ತಿ ಹೆಂಗಾಗುತ್ತೆ? ಆದ್ರೆ ಇಲ್ಲಿ ಸಮ ಅಂದ್ರೆ ಸಮ ಅಲ್ಲ, ಬಲಗಡೆದನ್ನ ಲೆಕ್ಕ ಮಾಡಿ ಎಡಗಡೆ ಹೆಸರಿನ ಡಬ್ಬಿಗೆ ಹಾಕು ಅಂತ. ಡಬ್ಬಿ ಅಂದ ತಕ್ಷಣ ಮಗಳಿಗೆ ಅರ್ಥ ಆಯ್ತು.

ಪೈಸೆ ಲೆಕ್ಕದಲ್ಲಿ ಇನ್ನೊಂದು ಆಶ್ಚರ್ಯ ಕಾದಿತ್ತು. 0.1ಕ್ಕೆ 0.2 ಕೂಡಿದ್ವಿ, 0.3 ಬರ್ಬೇಕು, ಬಂದಿದ್ದು 0.30000000000000004. ಇದು ಪೈಥಾನ್ ತಪ್ಪಲ್ಲ, ನಾವು ಹತ್ತರ ಲೆಕ್ಕದಲ್ಲಿ ಎಣಿಸ್ತೀವಿ, ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಎಣಿಸುತ್ತೆ. ಮೂರನೇ ಒಂದು ಭಾಗನ ನಾವು 0.333 ಅಂತ ಎಷ್ಟು ಬರೆದ್ರೂ ಮುಗಿಯಲ್ಲ ಅಲ್ವಾ, ಹಂಗೇ ಹತ್ತನೇ ಒಂದು ಭಾಗ ಅದಕ್ಕೆ ಮುಗಿಯಲ್ಲ, ಎಲ್ಲೋ ಒಂದು ಕಡೆ ಕತ್ತರಿಸ್ಬೇಕು, ಆ ಚೂರು ಇಲ್ಲಿ ಕಾಣಿಸ್ಕೊಳುತ್ತೆ. ಇನ್ನೊಂದು, 47.5ನ ಪೂರ್ಣ ರೂಪಾಯಿ ಮಾಡು ಅಂದ್ರೆ ಪೈಥಾನ್‌ನ ರೌಂಡ್ ಅನ್ನೋ ಆಜ್ಞೆ 48 ಕೊಡುತ್ತೆ, 46.5ಕ್ಕೆ 46 ಕೊಡುತ್ತೆ! ಸರಿಯಾಗಿ ಅರ್ಧ ಇದ್ರೆ ಹತ್ರದ ಸಮಸಂಖ್ಯೆಗೆ ಹೋಗೋದು ಅದರ ನಿಯಮ. ನಾವು ಮಂಡಿಯಲ್ಲಿ 50 ಪೈಸೆ ಅಂದ್ರೆ ಯಾವಾಗ್ಲೂ ಮೇಲಕ್ಕೆ, ಒಬ್ರಿಗೆ ಮೇಲೆ ಒಬ್ರಿಗೆ ಕೆಳಗೆ ಅಂತ ಮಾಡಿದ್ರೆ ಜನ ಒಪ್ತಾರಾ? ಕೊನೆಗೆ ಎಲ್ಲಾನೂ ಪೈಸೆಗೆ ತಿರುಗಿಸಿ ಪೂರ್ಣ ಸಂಖ್ಯೆಲೇ ಲೆಕ್ಕ ಮಾಡಿ ಕೊನೇಲಿ ರೂಪಾಯಿ ಮಾಡೋದು ಅಂತ ತೀರ್ಮಾನ ಮಾಡಿದ್ವಿ. ದುಡ್ಡಿನ ಲೆಕ್ಕಕ್ಕೆ ಇದೇ ಭದ್ರ.

ಕನ್ನಡದ ವಿಷಯಕ್ಕೆ ಬಂದ್ರೆ, ನನಗೆ ಗೊತ್ತೇ ಇರ್ಲಿಲ್ಲ, ನಿಮ್ಮ ಓದುಗರಲ್ಲಿ ಬಹಳ ಜನಕ್ಕೂ ಗೊತ್ತಿರ್ಲಿಕ್ಕಿಲ್ಲ. ನಮ್ಮ ಪ್ರೋಗ್ರಾಂ ಸಂಖ್ಯೆ ಕೇಳಿದಾಗ ಮಗಳು ಆಟಕ್ಕೆ ಕನ್ನಡ ಕೀಬೋರ್ಡಲ್ಲಿ ೧೨ ಅಂತ ಕೊಟ್ಳು, ಇನ್ನೊಂದಕ್ಕೆ ೮. ಎರರ್ ಬರುತ್ತೆ ಅಂತ ಕಾಯ್ತಿದ್ವಿ, 20 ಅಂತ ಉತ್ತರ ಬಂತು! ಇಂಟ್ ಆಗ್ಲಿ ಫ್ಲೋಟ್ ಆಗ್ಲಿ ಯೂನಿಕೋಡ್‌ನಲ್ಲಿರೋ, ಅಂದ್ರೆ ಎಲ್ಲಾ ಭಾಷೆ ಅಕ್ಷರಕ್ಕೂ ಕಂಪ್ಯೂಟರಲ್ಲಿ ಇರೋ ಒಂದೇ ಪದ್ಧತೀಲಿ ಬರೆದಿರೋ, ಕನ್ನಡ ಅಂಕಿನ ಹಂಗೇ ಓದುತ್ತೆ, ೩.೪೭ ಅಂದ್ರೂ ಓದುತ್ತೆ. ಪ್ರೋಗ್ರಾಂ ಒಳಗೆ ನೇರವಾಗಿ ಕನ್ನಡ ಅಂಕಿ ಬರೆದ್ರೆ ಮಾತ್ರ ಒಪ್ಪಲ್ಲ. ಆದ್ರೆ ಡಬ್ಬಿಗಳಿಗೆ ಕನ್ನಡ ಹೆಸರು ಇಡಬಹುದು, ತೂಕ, ದರ, ಮೊತ್ತ, ಒಟ್ಟು, ಎಲ್ಲಾ ನಡೆಯುತ್ತೆ. ಇಫ್, ಎಲ್ಸ್, ಪ್ರಿಂಟ್ ಇವೆಲ್ಲ ಇಂಗ್ಲಿಷಲ್ಲೇ ಇರ್ಬೇಕು, ಆದ್ರೆ ಹತ್ತಿಪ್ಪತ್ತು ಪದ ಅಷ್ಟೇ ಅಲ್ವಾ. ಮೊತ್ತ ಅಂದ್ರೆ ತೂಕ ಇಂಟು ದರ ಅಂತ ಪರದೆ ಮೇಲೆ ಕನ್ನಡದಲ್ಲಿ ನೋಡಿದಾಗ, ಇದು ಯಾರದ್ದೋ ವಿದ್ಯೆ ಅಲ್ಲ ನಮ್ಮ ಲೆಕ್ಕನೇ ಅಂತ ಅನಿಸ್ತು ನನಗೆ. ಕೆಲಸಕ್ಕೆ ಸೇರಿದ್ಮೇಲೆ ಎಲ್ಲರ ಜೊತೆ ಇಂಗ್ಲಿಷ್ ಹೆಸರೇ ಇಡ್ಬೇಕಾಗುತ್ತೆ ಅಂತ ತಿಳಿದೋರು ಹೇಳ್ತಾರೆ, ಆಗ್ಲಿ, ಇಡ್ಲಿ. ಕಲಿಯೋ ಮೊದಲ ತಿಂಗಳು ಕನ್ನಡದಲ್ಲಿ ಇಟ್ರೆ ಏನು ನಷ್ಟ? ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು ಮಾತ್ರ ಆಗಲ್ಲ, ಅದು ಕಣ್ಣಿಗಷ್ಟೇ ಕನ್ನಡ, ಯೂನಿಕೋಡೇ ಬೇಕು.

ಕೆಲವರು ಕೇಳ್ತಾರೆ, ಈಗ ಎಐ ಬಂದಿದೆ, ಒಂದು ಕ್ಯಾಲ್ಕುಲೇಟರ್ ಬರ್ಕೊಡು ಅಂದ್ರೆ ಕಣ್ಮುಚ್ಚಿ ಬಿಡೋದ್ರಲ್ಲಿ ಕೊಡುತ್ತೆ, ಮಕ್ಕಳು ಯಾಕೆ ಒದ್ದಾಡ್ಬೇಕು ಅಂತ. ಕ್ಯಾಲ್ಕುಲೇಟರ್ ಅಂಗಡೀಲೂ ಸಿಗುತ್ತೆ ಸ್ವಾಮಿ, ಯಾರಿಗೂ ಇನ್ನೊಂದು ಕ್ಯಾಲ್ಕುಲೇಟರ್ ಬೇಕಾಗಿಲ್ಲ, ಬರೀವಾಗ ತಲೇಲಿ ಆಗೋದು ಬೇಕಾಗಿರೋದು. ಮಗಳ ಫ್ರೆಂಡ್ ಒಬ್ಳು ತಂದಿದ್ದ ಪ್ರೋಗ್ರಾಂ ಒಂದೇ ಸಾಲು ಇತ್ತು, ಇವ್ಯಾಲ್ ಅಂತ ಹಾಕಿ ಯಾರು ಏನು ಟೈಪ್ ಮಾಡಿದ್ರೂ ಅದನ್ನ ಹಂಗೇ ಓಡಿಸ್ಬಿಡೋದು. ನೋಡಕ್ಕೆ ಮ್ಯಾಜಿಕ್ ಥರ ಇದೆ, 250 ಪ್ಲಸ್ 3 ಇಂಟು 120 ಅಂದ್ರೆ 610 ಅಂತ ಟಕ್ ಅಂತ ಕೊಡುತ್ತೆ. ಆದ್ರೆ ಲೆಕ್ಕದ ಬದಲು ಯಾರಾದ್ರೂ ಫೈಲ್ ಅಳಿಸೋ ಆಜ್ಞೆ ಟೈಪ್ ಮಾಡಿದ್ರೆ ಅದನ್ನೂ ಓಡಿಸುತ್ತೆ. ಅಂಗಡಿ ಗಲ್ಲಾಪೆಟ್ಟಿಗೆ ಬೀಗದಕೈನ ಬಂದ ಗಿರಾಕಿ ಕೈಗೇ ಕೊಟ್ಟ ಹಾಗೆ. ಆ ಹುಡುಗಿಗೆ ಅದು ಗೊತ್ತಿರ್ಲಿಲ್ಲ, ಯಾಕಂದ್ರೆ ಅವಳು ಬರ್ದಿದ್ದಲ್ಲ. ಎಐ ಬೇಡವೇ ಬೇಡ ಅಂತ ನಾನು ಹೇಳಲ್ಲ, ಆ ಕೆಂಪು ಸಾಲಿನ ಅರ್ಥ ಏನು ಕನ್ನಡದಲ್ಲಿ ಹೇಳು ಅಂತ ಕೇಳಕ್ಕೆ ಬಹಳ ಒಳ್ಳೇದು, ನಾವೂ ಕೇಳಿದೀವಿ. ಪ್ರೋಗ್ರಾಂ ಮಾತ್ರ ನಮ್ಮ ಕೈದೇ ಆಗಿರ್ಲಿ.

ಕೂಡೋ ಕಳೆಯೋ ಪ್ರೋಗ್ರಾಂ ಅಂದ್ರೆ ಚಿಕ್ಕದು, ಒಂದೇ ಕ್ಲಾಸಲ್ಲಿ ಮುಗಿಸಿ ಮುಂದಕ್ಕೆ ಓಡೋಣ ಅನ್ನೋ ತಾತ್ಸಾರನೂ ಬೇಡ. 1642ರಲ್ಲಿ ಫ್ರಾನ್ಸ್‌ನ ಬ್ಲೇಸ್ ಪಾಸ್ಕಲ್ ಲೆಕ್ಕದ ಯಂತ್ರ ಮಾಡಕ್ಕೆ ಕೈ ಹಾಕಿದಾಗ ಇನ್ನೂ 20 ತುಂಬದ ಹುಡುಗ, ಅವರಪ್ಪ ತೆರಿಗೆ ಲೆಕ್ಕದಲ್ಲಿ ಒದ್ದಾಡೋದು ನೋಡಕ್ಕಾಗ್ದೆ ಮಾಡಿದ್ದು, ಹಲ್ಲಿನ ಚಕ್ರ 9 ದಾಟಿದ ತಕ್ಷಣ ಪಕ್ಕದ ಚಕ್ರಕ್ಕೆ ದಶಕ ದಾಟಿಸೋದೇ ಅದರ ಕಷ್ಟದ ಭಾಗ ಆಗಿತ್ತಂತೆ. 1971ರಲ್ಲಿ ಇಂಟೆಲ್ ತಂದ 4004 ಅನ್ನೋ ಚಿಪ್ಪು, ಇವತ್ತಿನ ಎಲ್ಲಾ ಕಂಪ್ಯೂಟರ್ ಫೋನ್‌ಗಳ ಪ್ರೊಸೆಸರ್‌ಗೆ ಹಿರಿಯಣ್ಣ, ಅದೂ ಹುಟ್ಟಿದ್ದು ಜಪಾನಿನ ಬಿಸಿಕಾಂ ಅನ್ನೋ ಕಂಪನಿಯ ಟೇಬಲ್ ಕ್ಯಾಲ್ಕುಲೇಟರ್‌ಗೋಸ್ಕರ. ಅಪ್ಪನ ಲೆಕ್ಕಕ್ಕೆ ಮಗ ಯಂತ್ರ ಮಾಡಿದ ಕಥೆ ಓದಿದಾಗ ನನ್ನ ಪಕ್ಕ ಕೂತು ಕ್ವಿಂಟಲ್ ಕೆಜಿ ಲೆಕ್ಕ ಬರೀತಿರೋ ಮಗಳು ಕಣ್ಮುಂದೆ ಬಂದ್ಳು, ಇದನ್ನ ಬರೀದೆ ಇರಕ್ಕಾಗ್ಲಿಲ್ಲ.

ಹಂಗಾಗಿ ನಾನು ಕೇಳ್ಕೊಳೋದು ಎರಡು ಮೂರು ವಿಷಯ. ಕಂಪ್ಯೂಟರ್ ಕಲಿಸೋ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ರೆಕಾರ್ಡ್ ಬುಕ್ಕಲ್ಲಿ ಸರಿ ಪ್ರೋಗ್ರಾಂ ಜೊತೆಗೆ ಒಂದು ಪುಟ ತಪ್ಪಿಗೆ ಕೊಡಿ, ನನಗೆ ಈ ಎರರ್ ಬಂತು, ಯಾಕೆ ಬಂತು, ಹೆಂಗೆ ಸರಿ ಮಾಡ್ದೆ ಅಂತ ಮಗು ತನ್ನ ಮಾತಲ್ಲಿ ಕನ್ನಡದಲ್ಲೇ ಬರೀಲಿ, ಅದಕ್ಕೆ ಮಾರ್ಕ್ಸ್ ಕೊಡಿ. ಎಲ್ಲರದ್ದೂ ಒಂದೇ ಥರ ಇರಕ್ಕೆ ಸಾಧ್ಯನೇ ಇಲ್ಲ, ಕಾಪಿ ತಾನಾಗೇ ನಿಲ್ಲುತ್ತೆ. ಲೆಕ್ಕನೂ ಮಗು ತನ್ನ ಮನೆಯಿಂದ ತರ್ಲಿ, ಹಾಲಿನ ಡೈರಿಗೆ ಹಾಕೋರ ಮನೆ ಮಗು ಲೀಟರ್ ಲೆಕ್ಕ ತರುತ್ತೆ, ಟೈಲರ್ ಮಗಳು ಮೀಟರ್ ಲೆಕ್ಕ ತರ್ತಾಳೆ, ಗಾರೆ ಕೆಲಸದೋರ ಮಗ ಚದರಡಿ ಲೆಕ್ಕ ತರ್ತಾನೆ. ಅಪ್ಪ ಅಮ್ಮಂದಿರಿಗೆ, ನಮಗೆ ಕಂಪ್ಯೂಟರ್ ಗೊತ್ತಿಲ್ಲ ಅಂತ ದೂರ ಕೂರ್ಬೇಡಿ, ನಿಮ್ಮ ಕಸುಬಿನ ಲೆಕ್ಕ ನಿಮಗಿಂತ ಚೆನ್ನಾಗಿ ಮೇಷ್ಟ್ರಿಗೂ ಗೊತ್ತಿರಲ್ಲ, 3.7ಕ್ಕೂ 3.07ಕ್ಕೂ ಇರೋ ವ್ಯತ್ಯಾಸ ನಿಮ್ಮ ಹತ್ರ ಇದೆ, ಅದನ್ನ ಮಕ್ಕಳಿಗೆ ಕೊಡಿ.

ನಿಮ್ಮ ಪತ್ರಿಕೆಗೂ ಒಂದು ಮನವಿ. ವಿದ್ಯಾರ್ಥಿಗಳ ಪುಟದಲ್ಲಿ ವಾರಕ್ಕೊಂದು ಹತ್ತು ಸಾಲಿನ ಪ್ರೋಗ್ರಾಂ ಹಾಕಿ, ಕನ್ನಡ ಹೆಸರುಗಳ ಜೊತೆ, ಬೇಕಂತಲೇ ಒಂದು ತಪ್ಪು ಬಿಟ್ಟು ಹಾಕಿ, ಯಾಕೆ ತಪ್ಪು ಅಂತ ಮಕ್ಕಳು ಪತ್ರ ಬರೀಲಿ. ಪದಬಂಧಕ್ಕೆ ಕೊಡೋ ಅಷ್ಟೇ ಜಾಗ ಸಾಕು. ಹಳ್ಳಿ ಮಗುಗೆ ಇಂಟರ್ನೆಟ್ ಸಿಕ್ಕಿದ್ರೂ ಅದ್ರಲ್ಲಿರೋದು ಹೆಚ್ಚಾಗಿ ಇಂಗ್ಲಿಷ್, ಪೇಪರ್ ಆದ್ರೆ ಹೋಟ್ಲಲ್ಲೂ ಸಿಗುತ್ತೆ, ಲೈಬ್ರರೀಲೂ ಸಿಗುತ್ತೆ.

ಈ ವಾರ ಮಗಳು ಹೊಸ ಕೆಲಸ ಹಿಡ್ಕೊಂಡಿದಾಳೆ. ಉತ್ತರಕ್ಕೆ ಕಾಮಾ ಹಾಕಿ ತೋರ್ಸು ಅಂದ್ರೆ ಪೈಥಾನ್ ಒಂದು ಲಕ್ಷನ 100,000 ಅಂತ ಮೂರು ಮೂರಕ್ಕೆ ಹಾಕುತ್ತೆ, ನಮಗೆ 1,00,000 ಅಂತ ಬರ್ಬೇಕು, ಬಲಗಡೆಯಿಂದ ಮೊದಲು ಮೂರು, ಆಮೇಲೆ ಎರಡೆರಡು. ಮೂರು ದಿನದಿಂದ ಪ್ರಯತ್ನ ಮಾಡ್ತಿದಾಳೆ, ನಿನ್ನೆ ರಾತ್ರಿ ಲಕ್ಷದವರೆಗೆ ಸರಿ ಬಂತು, ಕೋಟಿಗೆ ಕೊಟ್ರೆ ಒಂದು ಕಾಮಾ ಜಾಸ್ತಿ ಬೀಳ್ತಿದೆ. ಹೇಳ್ಬೇಡಪ್ಪ ನಾನೇ ಹುಡುಕ್ತೀನಿ ಅಂದಿದಾಳೆ, ಸುಮ್ನಿದೀನಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮಂಡಿ ಗುಮಾಸ್ತ, ತಿಪಟೂರು